4.99 ಡಾಲರ್ ಒಂದೇ ಸಲವಾ, ಚಂದಾನಾ? ಆಪ್ ಸ್ಟೋರ್‌ಗೆ ಕಮಿಷನ್ ಕೊಟ್ಟವರು ಅನುಭವ ಹೇಳಿ

ಹೊಸಬ: ಟಿಪ್ಪಣಿ ಬರೆಯುವ ಸಣ್ಣ ಆಪ್ ಮುಗಿಸಿದ್ದೇನೆ. 4.99 ಡಾಲರ್‌ಗೆ ಮಾರಲಾ, ವರ್ಷದ ಚಂದಾ ಇಡಲಾ? ಸ್ಟೋರ್ ಬಿಟ್ಟು ವೆಬ್‌ಸೈಟಲ್ಲಿ ಹಣ ತಗೊಂಡವರು ಇದ್ದೀರಾ?

ಒಂಟಿ ಕೋಡರ್: ನನ್ನ ಗೋಳು ಕೇಳಿ. 2021ರಲ್ಲಿ ಸಣ್ಣ ಡೆವಲಪರ್‌ಗಳಿಗೆ ಸ್ಟೋರ್ ಕಮಿಷನ್ 30% ಇದ್ದದ್ದು 15% ಆಯಿತಲ್ಲ, ತಾನಾಗಿಯೇ ಇಳಿಯುತ್ತೆ ಅಂತ ಸುಮ್ನೆ ಕೂತಿದ್ದೆ. ಆ ಯೋಜನೆಗೆ ನಾವೇ ಹೋಗಿ ಸೇರಬೇಕಿತ್ತು! ಹದಿನಾಲ್ಕು ತಿಂಗಳು ಪೂರ್ತಿ 30% ಕೊಟ್ಟೆ. 4.99ರ ಆಪ್, ಒಂದು ಮಾರಾಟಕ್ಕೆ 4.24 ಬರಬೇಕಾದ ಕಡೆ 3.49. ಮಾರಾಟ 612. ಅಂದರೆ 459 ಡಾಲರ್ ಹೋಯಿತು. ಮೂರು ಸಲ ಕೂಡಿಸಿ ನೋಡಿದೆ, ಅಷ್ಟೇ ಬಂತು.

ವೆಬ್‌ಗೆ ಹೋದವ: ನಾನು ಸ್ಟೋರ್ ಬಿಟ್ಟವನು, ಪಶ್ಚಾತ್ತಾಪ ಇಲ್ಲ. ಮೊದಲು ಏಟು ತಿಂದೆ ಅನ್ನೋದು ನಿಜ. 99 ಸೆಂಟ್‌ನ ವಸ್ತುವಿಗೆ ಕಾರ್ಡ್ ಹಣ ವಸೂಲಿ ಮಾಡಿಕೊಡುವ ಗೇಟ್‌ವೇ 2.9% ಮತ್ತು 30 ಸೆಂಟ್ ಹಿಡಿಯಿತು. ಒಟ್ಟು 33 ಸೆಂಟ್, ಸ್ಟೋರ್‌ನ 30%ಗಿಂತ ಜಾಸ್ತಿ! 9.99ಕ್ಕೆ ಏರಿಸಿದ ಮೇಲೆ 59 ಸೆಂಟ್‌ಗೆ ಬಂತು. ಆದರೆ ದೇಶದೇಶದ ತೆರಿಗೆ ನನ್ನ ತಲೆಗೆ. ಒಬ್ಬ ಮಹಾಶಯ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಪಡೆದ, ಅದಕ್ಕೆ ನನಗೆ 15 ಡಾಲರ್ ದಂಡ.

ಒಂಟಿ ಕೋಡರ್: ಪಶ್ಚಾತ್ತಾಪ ಇಲ್ಲ ಅಂತ ಶುರು ಮಾಡಿ ಬರೀ ಗೋಳೇ ಹೇಳಿದ್ರಲ್ಲ ಸಾರ್.

ವೆಬ್‌ಗೆ ಹೋದವ: ನಿಯಮ ಓದದೆ 459 ಕಳೆದುಕೊಂಡವರು ಹೇಳ್ತಾರೆ, ಕೇಳೋಣ.

ದುಡ್ಡು ಕೊಡೋಳು: ಇಬ್ಬರೂ ನಿಮ್ಮ ಜೇಬಿನ ಬಗ್ಗೆಯೇ ಮಾತಾಡ್ತಿದ್ದೀರಿ. ಕಮಿಷನ್ ಅರ್ಧ ಆದಾಗ ನಾನು ಬಳಸುವ ಒಂದು ಆಪ್‌ನ ಬೆಲೆಯೂ ಇಳಿಯಲಿಲ್ಲ. 2020ರಲ್ಲಿ ಫೋರ್ಟ್‌ನೈಟ್ ಗೇಮ್‌ನವರು ಹಣ ನಮಗೇ ನೇರವಾಗಿ ಕೊಟ್ಟರೆ 20% ಕಡಿಮೆ ಅಂದರು, ಆಪಲ್ ಮತ್ತು ಗೂಗಲ್ ಇಬ್ಬರೂ ಆ ಗೇಮನ್ನು ಸ್ಟೋರ್‌ನಿಂದ ಕಿತ್ತುಹಾಕಿದರು. ಕನಿಷ್ಠ ಆ ಗೇಮ್‌ನವರು ಉಳಿತಾಯವನ್ನು ಗ್ರಾಹಕರಿಗೆ ಕೊಟ್ಟರು. ನಾನು ಒಂದೇ ಸಲ ಅಂತ ಕೊಂಡಿದ್ದ ಆಪ್ ಎರಡೇ ವರ್ಷಕ್ಕೆ ಚಂದಾ ಆಯಿತು. ಹಳಬರಿಗೆ ರಿಯಾಯಿತಿಯಂತೆ, ಮೂರು ತಿಂಗಳು!

ಒಂಟಿ ಕೋಡರ್: ಅಕ್ಕಾ, ಆಪಲ್‌ನ ಡೆವಲಪರ್ ಖಾತೆಗೇ ವರ್ಷಕ್ಕೆ 99 ಡಾಲರ್. 15% ಲೆಕ್ಕದಲ್ಲೂ 24 ಮಾರಾಟ ಅದಕ್ಕೇ ಹೋಗುತ್ತೆ. ಬೆಲೆ ಎಲ್ಲಿಂದ ಇಳಿಸಲಿ?

ದುಡ್ಡು ಕೊಡೋಳು: 612ರಲ್ಲಿ 24. ಅಳಬೇಡಿ.

ವೆಬ್‌ಗೆ ಹೋದವ: ಸ್ಟೋರ್ ಪೂರ್ತಿ ಬಿಡೋ ಮೊದಲು ನಾನು ಇಳಿಸಿದ್ದೆ. ವೆಬ್‌ನಲ್ಲಿ 7.99, ಸ್ಟೋರ್‌ನಲ್ಲಿ 9.99. ಆದರೂ ಹತ್ತರಲ್ಲಿ ಏಳು ಜನ ಸ್ಟೋರ್‌ನಲ್ಲೇ ಕೊಂಡರು. ಕಾರ್ಡ್ ನಂಬರ್ ಹಾಕೋಕೆ ಸೋಮಾರಿತನ, ಆಮೇಲೆ ಬೆಲೆ ಜಾಸ್ತಿ ಅಂತ ಒಂದು ಸ್ಟಾರ್.

ದುಡ್ಡು ಕೊಡೋಳು: ಸೋಮಾರಿತನ ಅಲ್ಲ, ಭಯ. ನಿಮ್ಮ ಸೈಟ್ ಯಾರು ನಂಬ್ತಾರೆ?

ಹೊಸಬ: ಹಾಗಾದ್ರೆ 4.99 ಇಡಲಾ?

ವೆಬ್‌ಗೆ ಹೋದವ: ನಂಬಲ್ಲ ಅಂದ್ರೇನು? ನಾಲ್ಕು ವರ್ಷದಿಂದ ನಡೆಸ್ತಿದ್ದೇನೆ ಸೈಟನ್ನ!