ಸಹಾಯ ಬೇಕು: ವಿಂಡೋಸ್ 10 ಸೆಕ್ಯುರಿಟಿ ಅಪ್‌ಡೇಟ್ ಇನ್‌ಸ್ಟಾಲ್ ಆಗ್ತಾನೇ ಇಲ್ಲ

ಎಲ್ಲರಿಗೂ ನಮಸ್ಕಾರ. ಅಪ್ಪನ ಹಳೇ ಡೆಸ್ಕ್‌ಟಾಪ್, ವಿಂಡೋಸ್ 10. 2024ರ ಜನವರಿಯ ಕೆಬಿ5034441 ಡೌನ್‌ಲೋಡ್ ಆಗುತ್ತೆ, ಇನ್‌ಸ್ಟಾಲ್ ಮಾತ್ರ ಆಗಲ್ಲ. ಪ್ರತಿ ಸಲವೂ ಅದೇ 80070643 ಎರರ್. ಸಿ ಡ್ರೈವ್‌ನಲ್ಲಿ 60 ಜಿಬಿ ಖಾಲಿ ಇದೆ, ಹಾಗಾಗಿ ಮೊದಲು ತಲೆಬುಡ ತಿಳೀಲಿಲ್ಲ. ಆಮೇಲೆ ಗೊತ್ತಾಯ್ತು, ಇದಕ್ಕೆ ಜಾಗ ಬೇಕಿರೋದು ರಿಕವರಿ ಪಾರ್ಟಿಷನ್‌ನಲ್ಲಿ (ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕಾದ ಫೈಲ್‌ಗಳಿಗೆ ಡಿಸ್ಕ್‌ನಲ್ಲಿ ಬೇರೆಯಾಗಿ ಇಟ್ಟಿರೋ ಭಾಗ), 250 ಎಂಬಿ ಖಾಲಿ ಇರಬೇಕಂತೆ. ನಮ್ಮದು ಒಟ್ಟೇ 450 ಎಂಬಿ, ಮುಕ್ಕಾಲು ಪಾಲು ತುಂಬಿದೆ.

ಸಿ ಡ್ರೈವ್ ಕುಗ್ಗಿಸಿ ಜಾಗ ಕೊಡೋಣ ಅಂದ್ರೆ, ರಿಕವರಿ ಕೂತಿರೋದು ಡಿಸ್ಕ್‌ನ ತೀರಾ ಮೊದಲಲ್ಲಿ, ಸಿ ಡ್ರೈವ್‌ಗೂ ಮುಂಚೆ. ಖಾಲಿ ಜಾಗ ಹುಟ್ಟೋದು ಇನ್ನೊಂದು ತುದಿಯಲ್ಲಿ, ರಿಕವರಿಗೆ ತಾಗಿಕೊಂಡಲ್ಲ, ಹಾಗಾಗಿ ಅದಕ್ಕೆ ಸೇರಿಸೋಕಾಗಲ್ಲ!

ಡಿಸ್ಕ್‌ಪಾರ್ಟ್‌ನಲ್ಲಿ (ಡಿಸ್ಕನ್ನ ಭಾಗ ಮಾಡೋ ವಿಂಡೋಸ್ ಕಮಾಂಡ್) ಡಿಸ್ಕ್‌ನ ಕೊನೆಯಲ್ಲಿ ಹೊಸ ರಿಕವರಿ ಪಾರ್ಟಿಷನ್ ಮಾಡಿ, ಹಳೇದನ್ನ ಹಾಗೇ ಬಿಟ್ಟರೆ ನಡೆಯುತ್ತಾ? ಮಾಡಿ ನೋಡಿದವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ. ಅಪ್ಪನ ತೋಟದ ಲೆಕ್ಕವೆಲ್ಲ ಇದರಲ್ಲೇ ಇದೆ, ಪೆನ್‌ಡ್ರೈವ್‌ಗೆ ಕಾಪಿ ಹಾಕಿದ್ದೀನಿ, ಆದರೂ ಕೈ ನಡುಗ್ತಿದೆ.