ಅಪ್‌ಡೇಟ್: ಅಪ್ಪನಿಗೆ ಎಲ್ಲವೂ ಗೊತ್ತಿತ್ತು
ಅಪ್ಪನ ಕ್ಯಾನ್ಸರ್ ವಾಸಿಯಾಗುವ ಹಂತ ದಾಟಿದೆ, ಅದನ್ನು ಅವರಿಗೆ ಹೇಳಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಿಮ್ಮಲ್ಲಿ ಹಲವರು ಸೂಚಿಸಿದಂತೆ ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯಕ್ಕೆ ಕರೆದೊಯ್ದೆವು. ಅಲ್ಲಿನ ಆರೈಕೆ ಪೂರ್ತಿ ಉಚಿತ. ಆಪ್ತಸಮಾಲೋಚಕಿ ತಾವಾಗಿ ಏನನ್ನೂ ಹೇಳಲಿಲ್ಲ. "ನಿಮಗೆ ಎಷ್ಟು ತಿಳಿಯಬೇಕು ಅನ್ನಿಸುತ್ತದೆ?" ಎಂದು ಅಪ್ಪನನ್ನೇ ಕೇಳಿದರು. ಅವರಿಗೆ ಎಲ್ಲವೂ ಗೊತ್ತಿತ್ತು! ನಮ್ಮ ಸಂಕಟ ನೋಡಲಾರದೆ ಸುಮ್ಮನಿದ್ದರಂತೆ. ಆಮೇಲೆ ಮನಬಿಚ್ಚಿ ಮಾತನಾಡಿದರು: ಜಮೀನಿನ ಪಾಲು, ತಂಗಿಯ ಓದು, ಮುನಿಸಿಕೊಂಡು ದೂರವಾಗಿದ್ದ ಚಿಕ್ಕಪ್ಪನನ್ನು ಕರೆಸುವ ವಿಚಾರ. ಮಾರ್ಫಿನ್‌ನಿಂದ ನೋವು ಹಿಡಿತದಲ್ಲಿತ್ತು. ಊರಿನ ಮಠದ ಸ್ವಾಮಿಗಳು ಬಂದು ವಿಭೂತಿ ಹಚ್ಚಿ, ಬಹಳ ಹೊತ್ತು ಅವರ ಕೈಹಿಡಿದು ಕುಳಿತರು. ಉಪದೇಶಕ್ಕೆ ಇಳಿಯದ ಅವರ ಬಗ್ಗೆ ನನಗೆ ಅಪಾರ ಗೌರವ.

ಕಳೆದ ತಿಂಗಳು ಅಪ್ಪ ಲಿಂಗೈಕ್ಯರಾದರು. ಅಮ್ಮನಿಗೆ ನಿದ್ದೆ ಬರುತ್ತಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡುತ್ತಿದ್ದಾರೆ. ಚಿಕ್ಕಪ್ಪ ಈಗ ನಮ್ಮೊಂದಿಗೇ ಇದ್ದಾರೆ.