ಕಾಕು, ಗೌನ್ ತಗೋಬ್ಯಾಡ್ರಿ

ಕಾಕು, ಶರಣ್ರಿ. ಬೆಳಿಗ್ಗೆ ಗುಂಪಿನ್ಯಾಗ ನೀವು ಬರೆದಿದ್ದು ಓದಿದೆ. ಟೈಪ್ ಮಾಡಿ ಮುಗಿಸೂವಷ್ಟು ಸಣ್ಣ ಮಾತಲ್ಲ ಇದು, ಅದಕ್ಕ ವಾಯ್ಸ್‌ನ್ಯಾಗ ಹೇಳಾಕತ್ತೀನಿ. ಉದ್ದ ಆಕ್ಕೈತಿ, ರೊಟ್ಟಿ ಬಡಿಯೂದು ಮುಗಿಸಿ ಕುಂತು ಕೇಳ್ರಿ. ಉಳಿದವರಿಗೂ ತಿಳೀಲಿ ಅಂತ ಹೇಳ್ತೀನಿ: ಕಾಕಾ, ಕಾಕು, ತಮ್ಮ, ತಮ್ಮನ ಹೆಂಡ್ತಿ, ಕೂಸು, ಐದೂ ಮಂದಿ ಮುಂದಿನ ತಿಂಗಳ ಸಿಂಗಾಪುರದಿಂದ ನಾಲ್ಕು ರಾತ್ರಿ ಹಡಗಿನ ಪ್ರವಾಸಕ್ಕ ಹೊಂಟಾರ. ಹಡಗಿನವರು ಕಳಿಸಿದ ಕಾಗದದಾಗ ಒಂದು ರಾತ್ರಿ ಊಟಕ್ಕ ‘ಫಾರ್ಮಲ್’, ಉಳಿದ ಮೂರು ರಾತ್ರಿ ‘ಸ್ಮಾರ್ಟ್ ಕ್ಯಾಶುಯಲ್’ ಅಂತ ಐತಿ. ಕಾಕು ಖಡೇಬಜಾರದಾಗ ಒಂದು ಕರೇ ಗೌನ್ ನೋಡಿ ಬಂದಾರ, ತಗೊಳ್ಳೂದೋ ಬಿಡೂದೋ ಅಂತ ಕೇಳ್ಯಾರ.

ತಗೋಬ್ಯಾಡ್ರಿ ಕಾಕು. ನಿಮ್ಮ ಟ್ರಂಕಿನ್ಯಾಗ ಇಳಕಲ್ ಸೀರಿ ಅದಾವಲ್ಲ, ಅವೇ ನಿಮ್ಮ ಫಾರ್ಮಲ್. ಇದನ್ನ ನಿಮ್ಮ ಮನಸ್ಸಿಗೆ ಸಮಾಧಾನ ಆಗಲಿ ಅಂತ ಹೇಳಾಕತ್ತಿಲ್ಲ. ಫಾರ್ಮಲ್ ರಾತ್ರಿ ಇಡೂ ಹಡಗಿನವರು ಕೆಲವರು ತಮ್ಮ ನಿಯಮದಾಗೇ ಬರದಿರ್ತಾರ, ಸೂಟು, ಗೌನ್, ಇಲ್ಲಾ ಅವರವರ ದೇಶದ ಸಾಂಪ್ರದಾಯಿಕ ಉಡುಪು ನಡೀತೈತಿ ಅಂತ. ಸೀರಿ ಉಟ್ಟಾಕೀನ್ನ ಯಾರೂ ಬಾಗಿಲದಾಗ ನಿಂದರಸೂದಿಲ್ಲ.

ಇದನ್ನ ಇಷ್ಟು ಒತ್ತಿ ಯಾಕ ಹೇಳ್ತೀನಿ ಅಂದ್ರ, ಎರಡು ವರ್ಷದ ಹಿಂದ ನಾವು ಇಂಥಾದೇ ಹಡಗಿನ ಪ್ರವಾಸಕ್ಕ ಹೋದಾಗ ನಾ ಒಂದು ತಪ್ಪು ಮಾಡೀನಿ. ಗುಂಪಿನ್ಯಾಗ ಇಷ್ಟು ದಿನ ಹೇಳಿರಲಿಲ್ಲ. ಅವ್ವನೂ ಇದನ್ನ ಕೇಳ್ತಾಳ, ಕೇಳಲಿ.

ಅವ್ವ ಲಗ್ನ ಆದಾಗಿಂದ ಇಳಕಲ್ ಸೀರಿ ಬಿಟ್ಟು ಬ್ಯಾರೆ ಉಟ್ಟಾಕಿ ಅಲ್ಲ, ನಿಮಗ ಗೊತ್ತೈತಿ. ನಾನೇ ಆಕಿಗೆ, ‘ಅಲ್ಲಿ ಎಲ್ಲಾ ಸೂಟು ಬೂಟಿನ ಮಂದಿ ಇರ್ತಾರವ್ವ, ಈ ಸೀರಿ ಚಲೋ ಕಾಣೂದಿಲ್ಲ’ ಅಂತ ಹೇಳಿ, ಮಿಣಮಿಣ ಅನ್ನೂ ಒಂದು ಚೂಡಿದಾರ ಕೊಡಸಿದ್ದೆ. ಎರಡನೇ ರಾತ್ರಿ ಫಾರ್ಮಲ್ ಇತ್ತು. ಅವ್ವ ಅದನ್ನ ಹಾಕ್ಕೊಂಡು ಕನ್ನಡಿ ಮುಂದ ನಿಂತಳು. ಕೈ ಹೆಗಲ ಮ್ಯಾಲ ಹೋತು, ಸೆರಗು ಹುಡಕಾಕ. ಸೆರಗು ಇರಲಿಲ್ಲ. ಓಡನಿ ಎಳಕೊಂಡು ತಲಿ ಮ್ಯಾಲ ಹಾಕ್ಕೊಂಡಳು, ಜಾರಿ ಬಿತ್ತು. ಮತ್ತ ಹಾಕ್ಕೊಂಡಳು, ಮತ್ತ ಜಾರಿತು. ಆಮ್ಯಾಲ ಏನೂ ಅನ್ನಲಿಲ್ಲ, ಎಲ್ಲಾ ಬಿಚ್ಚಿಟ್ಟು ಮನಿ ಸೀರಿ ಉಟ್ಟು ಹಾಸಗಿ ಮ್ಯಾಲ ಕುಂತಳು. ‘ನನಗ ಹಸಿವಿಲ್ಲ, ನೀವು ಹೋಗಿ ಬರ್ರಿ’ ಅಂದಳು. ನಾವು ಹೋದ್ವಿ. ಆಕಿ ಎರಡು ಬಾಳಿಹಣ್ಣು ತಿಂದು ಮಲಗಿದ್ದಳು.

ಅಲ್ಲಿ ಊಟದ ಹಾಲಿನ್ಯಾಗ ಹೋಗಿ ನೋಡಿದ್ರ, ಪಕ್ಕದ ಮೇಜಿನ್ಯಾಗ ಸಿಂಗಾಪುರದ ತಮಿಳು ಅಜ್ಜಿ ಒಬ್ಬಾಕಿ ಕಾಂಚೀಪುರಂ ಸೀರಿ ಉಟ್ಟು, ಮಲ್ಲಿಗಿ ಮುಡಕೊಂಡು, ಮೊಮ್ಮಕ್ಕಳನ್ನ ಸುತ್ತ ಕೂಡಿಸ್ಕೊಂಡು ಕುಂತಿದ್ದಳು. ಆಚೆ ಕಡೆ ಮಲಾಯ್ ಹೆಣ್ಮಕ್ಕಳು ಕೆಬಾಯಾ ಅನ್ನೂ ತಮ್ಮ ಸಾಂಪ್ರದಾಯಿಕ ಉಡುಪು ಹಾಕಿದ್ದರು. ನನ್ನ ಗಂಟಲದಾಗ ತುತ್ತು ಇಳೀಲಿಲ್ಲ ಕಾಕು. ಆ ರಾತ್ರಿ ಮೆಟ್ಟಲದ ಮ್ಯಾಲ ನಿಂದರಿಸಿ ಮನಿ ಮಂದಿ ಫೋಟೋ ತಗೀತಾರ. ನಮ್ಮ ಪಡಸಾಲ್ಯಾಗ ಹಾಕೀನಲ್ಲ, ನೀವು ನೋಡೀರಿ. ಅದರಾಗ ಅವ್ವ ಇಲ್ಲ.

ಮರುದಿನ ಆಕಿ ತನ್ನ ಹಸರ ಇಳಕಲ್ ಉಟ್ಟು ಬಂದಳು. ನಮಗ ಬಡಸೂ ಹುಡುಗಿ ಫಿಲಿಪೀನ್ಸ್‌ದಾಕಿ. ಸೆರಗಿನ ಕೆಂಪಿನ್ಯಾಗ ಬೆಳ್ಳನ ಗೋಪುರದ ಸಾಲು ನೋಡಿ, ಇದು ಪ್ರಿಂಟ್ ಏನು ಅಂತ ಕೇಳಿದಳು. ಅವ್ವ ಸೆರಗು ತಿರುವಿ, ಸೀರಿ ಮೈ ಮುಗದು ಸೆರಗು ಸುರು ಆಗೂ ಜಾಗಾದಾಗ ಬಟ್ಟಿಟ್ಟು ತೋರಿಸಿದಳು. ಅಲ್ಲಿ ಮೈಯಿನ ಎಳಿ, ಸೆರಗಿನ ಎಳಿ ಒಂದರಾಗ ಒಂದು ಕೊಂಡಿ ಹಾಕ್ಕೊಂಡಿರ್ತಾವ. ‘ಇದು ಕೊಂಡಿ ನೋಡವ್ವ, ಮಗ್ಗದ ಮ್ಯಾಲೇ ಒಂದೊಂದು ಎಳಿ ಕೂಡಸ್ತಾರ’ ಅಂತ ಕನ್ನಡದಾಗೇ ಹೇಳಿದಳು. ಆ ಹುಡುಗಿಗೆ ತಿಳೀತು. ಆವತ್ತ ಅವ್ವ ಹೊಟ್ಟಿ ತುಂಬ ಉಂಡಳು, ಮೊಸರನ್ನ ಎರಡು ಸಲ ಹಾಕಿಸ್ಕೊಂಡಳು.

ಅದಕ್ಕ ಗೌನ್ ಬ್ಯಾಡ. ಆ ರೊಕ್ಕದಾಗ ಚಲೋ ಒಂದು ತೆಳ್ಳನ ಶಾಲು ತಗೋರಿ, ಅದು ನಿಜವಾಗಿ ಬೇಕಾಕ್ಕೈತಿ. ಹೊರಗ ಸಿಂಗಾಪುರದಾಗ ಬೆವರು ಸುರೀತಿರ್ತೈತಿ, ಒಳಗ ಊಟದ ಹಾಲಿನ್ಯಾಗ ಎಸಿ ಎಷ್ಟು ತಣ್ಣಗ ಅಂದ್ರ ಬಾಗಲಕೋಟಿ ಬಿಸಲಾಗ ಬೆಳದ ನಮಗ ಹಲ್ಲು ಕಟಕಟ ಅಂತಾವ. ಒಂದೂವರಿ ತಾಸು ಕುಂದರಬೇಕು ಅಲ್ಲಿ, ಒಂದಾದ ಮ್ಯಾಲ ಒಂದು ತಂದು ಬಡಸ್ತಾರ.

ಈಗ ಹಡಗಿನವರ ಕಾಗದದಾಗಿನ ಆ ಶಬ್ದಗಳ ಅರ್ಥ ಹೇಳ್ತೀನಿ. ಫಾರ್ಮಲ್ ಅಂದ್ರ ನಮ್ಮ ಕಡೆ ಲಗ್ನದ ರಿಸೆಪ್ಷನ್ನಿಗೆ ಹೋಗೂವಂಗ. ಸ್ಮಾರ್ಟ್ ಕ್ಯಾಶುಯಲ್ ಅಂದ್ರ ಸಂಜೀಕ ಬೀಗರ ಮನಿಗೆ ಚಹಾಕ್ಕ ಹೋಗೂವಂಗ: ಇಸ್ತ್ರಿ ಆಗಿರಬೇಕು, ಜರಿ ಬೇಕಾಗಿಲ್ಲ. ಬರೇ ಕ್ಯಾಶುಯಲ್ ಅಂತ ಇದ್ದ ದಿನ ಪ್ಯಾಟಿಗೆ ಹೋಗೂ ಬಟ್ಟಿ ಸಾಕು. ಹೆಚ್ಚಿನ ಹಡಗಿನ್ಯಾಗ ನಡಿಯದ್ದು ಅಂದ್ರ ದೊಡ್ಡ ಊಟದ ಹಾಲಿಗೆ ರಾತ್ರಿ ಹೊತ್ತು ಈಜೂ ಬಟ್ಟಿ, ಗಂಡಸರ ಬನೀನು, ಚಡ್ಡಿ, ಹವಾಯಿ ಚಪ್ಪಲಿ. ಒಂದಿನ ಯಾರಿಗಾದ್ರೂ ಉಡೂದ ಬ್ಯಾಸರ ಆದ್ರ ಮ್ಯಾಲಿನ ಬಫೆಕ್ಕ ಹೋಗ್ರಿ, ಅಲ್ಲಿ ಫಾರ್ಮಲ್ ರಾತ್ರೀನೂ ಸಾದಾ ಬಟ್ಟಿ ನಡೀತಾವ. ಆದ್ರ ದೊಡ್ಡ ಹಾಲು ಬಿಡಬ್ಯಾಡ್ರಿ, ಆ ಊಟದ ರೊಕ್ಕ ಟಿಕೀಟಿನ್ಯಾಗೇ ಸೇರಿರ್ತೈತಿ. ಬ್ಯಾರೆ ರೊಕ್ಕ ಕೊಟ್ಟು ಉಣ್ಣೂ ಹೋಟೆಲ್ ಹಡಗಿನ್ಯಾಗೇ ಬ್ಯಾರೆ ಇರ್ತಾವ.

ನಾಲ್ಕು ರಾತ್ರಿಗೆ ನಿಮಗ ಮೂರು ಸೀರಿ ಸಾಕು ಕಾಕು. ಫಾರ್ಮಲ್ ರಾತ್ರಿಗೆ ಆ ಚಿಕ್ಕಿ ಪರಾಸ ದಡಿದು, ದಾಳಿಂಬ್ರ ಬಣ್ಣದ್ದು ಐತಲ್ಲ, ಅದು. ಉಳಿದ ರಾತ್ರಿಗೆ ಎರಡು ಹಗರ ಸೀರಿ, ಒಂದನ್ನ ಎರಡು ಸಲ ಉಟ್ರ ಯಾರೂ ನೋಡೂದಿಲ್ಲ. ಪೂರಾ ನೂಲಿನ ಸೀರಿ ಒಯ್ಯಬ್ಯಾಡ್ರಿ, ಮುದ್ದಿ ಆಕ್ಕೈತಿ, ಅಲ್ಲಿ ತೀಡಾಕ ಆಗೂದಿಲ್ಲ. ಇಸ್ತ್ರಿ ಪೆಟಗಿ ಹಡಗಿನ್ಯಾಗ ಒಯ್ಯಾಕ ಬಿಡೂದಿಲ್ಲ, ಬೆಂಕಿ ಹತ್ತೂ ಅಂಜಿಕಿ ಅವರಿಗೆ. ಚಹಾ ಕಾಸೂ ಕೆಟಲ್ಲೂ ಹಂಗೇ, ಬ್ಯಾಗ್ ತಪಾಸಣಿ ಮಾಡೂವಾಗ ತಗದಿಟ್ಕೊಂಡು ಇಳಿಯೂವಾಗ ಕೊಡ್ತಾರ. ಕಾಕಾ ಅವರಿಗೆ ಈಗೇ ಹೇಳಿಬಿಡ್ರಿ. ಇಸ್ತ್ರಿ ಬೇಕಂದ್ರ ಅವರೇ ಮಾಡಿ ಕೊಡ್ತಾರ, ಆದ್ರ ಒಂದೊಂದು ಬಟ್ಟಿಗೂ ರೊಕ್ಕ.

ಸೀರಿ ಮಡಚೂದು ನಾ ಹೆಂಗ ಮಾಡ್ತೀನಿ ಅಂದ್ರ, ಒಂದು ಸೀರಿ, ಅದರ ಜಂಪರ, ಲಂಗ, ನಾಲ್ಕು ಪಿನ್ನು, ಎಲ್ಲಾ ಸೇರಿಸಿ ಒಂದು ಹಳೇ ಮೆತ್ತನ ಧೋತರದ ತುಂಡಿನ್ಯಾಗ ಸುತ್ತಿ ಒಂದೊಂದು ಗಂಟು. ರಾತ್ರಿ ಊಟದ ಹೊತ್ತಿಗೆ ಒಂದು ಗಂಟು ತಗದ್ರ ಆತು, ಬ್ಯಾಗ್ ಪೂರಾ ಕೆದರೂದು ಬರೂದಿಲ್ಲ. ಕೋಣಿ ಭಾಳ ಸಣ್ಣದು ಕಾಕು, ನಮ್ಮ ದೇವರ ಮನಿಯಷ್ಟು ಅನ್ರಿ, ಇಬ್ಬರು ಒಮ್ಮೆಲೆ ಬಟ್ಟಿ ಉಡಾಕ ಆಗೂದಿಲ್ಲ. ಗ್ವಾಡಿ ಕಬ್ಬಿಣದ್ದಿರ್ತಾವ, ಅದಕ್ಕ ಮ್ಯಾಗ್ನೆಟ್ ಇರೂ ಕೊಕ್ಕಿ ಹತ್ತತಾವ. ಮುದ್ದಿ ಆದ ಸೀರಿ ಬಚ್ಚಲದಾಗ ತೂಗ ಹಾಕಿ ಬಿಸಿನೀರು ಬಿಟ್ರ ಆವಿಗೆ ಸ್ವಲ್ಪ ಬಿಚ್ಚಿಕೊಳ್ತೈತಿ. ಊಟದ ಮ್ಯಾಲ ಡೆಕ್ಕಿಗೆ ಗಾಳಿಗೆ ಹೋಗೂದಿದ್ರ ಸೆರಗಿಗೆ ಎರಡು ಪಿನ್ನು ಹಾಕ್ರಿ. ಆ ಗಾಳಿ ಅಂದ್ರ ಗಾಳಿ.

ಕಾಕಾ ಅವರ ಬಗ್ಗೆ. ಧೋತರ, ನೆಹರು ಶರ್ಟು, ಮ್ಯಾಲ ಕರೇ ಜಾಕೀಟ: ಫಾರ್ಮಲ್ ರಾತ್ರಿಗೆ ಇದಕ್ಕಿಂತ ಚಲೋ ಯಾವುದೂ ಇಲ್ಲ. ಉಳಿದ ರಾತ್ರಿಗೆ ಎರಡು ಪ್ಯಾಂಟು, ಕಾಲರ್ ಇರೂ ಮೂರು ಶರ್ಟು. ಚಪ್ಪಲಿ ವಿಷಯ ಸ್ವಲ್ಪ ಬಿಗಿ ಐತಿ. ಅವರು ಅಥಣಿ ಚಪ್ಪಲಿ ಬಿಟ್ಟು ಕಾಲಿಡೂದಿಲ್ಲ, ನನಗ ಗೊತ್ತೈತಿ. 2019ರಾಗ ಕೊಲ್ಲಾಪುರಿ ಚಪ್ಪಲಿಗೆ (ಅಥಣಿದೂ ಅದೇ ಜಾತಿ) ಜಿಐ, ಅಂದ್ರ ಇದು ಇಂಥಾ ಊರಿನ ಮಾಲು ಅನ್ನೂ ಸರಕಾರಿ ಗುರುತು, ಬಂದಾಗ ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಯಪುರ, ಧಾರವಾಡನೂ ಅದರಾಗ ಸೇರಿದ್ವು ಅಂತ ಇದೇ ಗುಂಪಿನ್ಯಾಗ ಅವರೇ ಹಾಕಿದ್ದರು. ಆದ್ರೂ ಒಂದು ಜೋಡಿ ಕರೇ ಬೂಟು ಇಟ್ಕೊಳ್ಳಲಿ. ಕೆಲವು ಹಡಗಿನ್ಯಾಗ ಗಂಡಸರು ಬಟ್ಟು ಕಾಣೂವಂಥಾ ಚಪ್ಪಲಿ ಹಾಕಿ ರಾತ್ರಿ ಊಟಕ್ಕ ಬರಬಾರದು ಅಂತ ಐತಿ. ಮತ್ತ ಡೆಕ್ ಹಸಿ ಇರ್ತೈತಿ, ತೊಗಲಿನ ಅಟ್ಟಿ ಜಾರತೈತಿ, ನೀರಾಗ ಚಪ್ಪಲಿನೂ ಕೆಡತೈತಿ. ನೀವೂ ಅಷ್ಟ ಕಾಕು, ಎತ್ತರದ ಹಿಮ್ಮಡಿ ಬ್ಯಾಡ, ಹಡಗು ಮೆಲ್ಲಕ ಹೊಯ್ದಾಡತಿರ್ತೈತಿ.

ಇನ್ನೊಂದು, ಮರೆಯೂಕಿಂತ ಮೊದಲ ಹೇಳಿಬಿಡ್ತೀನಿ. ಕಾಕಾ ಅವರ ತಂಬಾಕಿನ ಚೀಲ ಮನ್ಯಾಗೇ ಇರಲಿ. ಸಿಂಗಾಪುರದಾಗ ಅಗಿಯೂ ತಂಬಾಕು ಒಯ್ಯೂದು ಕಾನೂನಿಗೆ ವಿರುದ್ಧ, ದಂಡ ಹಾಕ್ತಾರ.

ಮೊದಲ ದಿನದ ಮಾತು ಭಾಳ ಮುಖ್ಯ. ಬಂದರದಾಗ ದೊಡ್ಡ ಬ್ಯಾಗಿಗೆ ಕೋಣಿ ನಂಬರಿನ ಚೀಟಿ ಕಟ್ಟಿ ಅವರೇ ಒಯ್ತಾರ. ಅದು ನಿಮ್ಮ ಬಾಗಿಲಿಗೆ ಬರೂದು ಸಂಜೀಕ, ಒಮ್ಮೊಮ್ಮೆ ಊಟ ಆದ ಮ್ಯಾಲ. ನಮ್ಮ ಬ್ಯಾಗ್ ರಾತ್ರಿ ಒಂಬತ್ತಕ್ಕ ಬಂತು. ಬೆವತ ಬಟ್ಟಿ ಮ್ಯಾಲೇ ಮೊದಲ ಊಟಕ್ಕ ಹೋದ್ವಿ, ಅವ್ವನ ಬಿಪಿ ಗುಳಿಗಿನೂ ಅದರಾಗೇ ಉಳದಿತ್ತು. ಅದಕ್ಕ ಮೊದಲ ರಾತ್ರಿಯ ಗಂಟು, ಗುಳಿಗಿ, ಕನ್ನಡಕ, ಪಾಸ್‌ಪೋರ್ಟು, ಕೂಸಿನ ಒಂದು ಜೋಡಿ ಬಟ್ಟಿ, ಎಲ್ಲಾ ಕೈಚೀಲದಾಗ.

ಕಡೀ ರಾತ್ರಿ ಇದರ ಉಲ್ಟಾ ಆಕ್ಕೈತಿ. ದೊಡ್ಡ ಬ್ಯಾಗ್ ರಾತ್ರೀನೇ ಬಾಗಿಲ ಹೊರಗ ಇಡಬೇಕು, ಬೆಳಗಾದ್ರ ಅದು ಬಂದರದಾಗ ಸಿಗತೈತಿ. ಅಂದ್ರ ಕಡೀ ಊಟಕ್ಕ ಉಟ್ಟ ಸೀರಿ, ರಾತ್ರಿ ಮಲಗೂ ಬಟ್ಟಿ ಎಲ್ಲಾ ಕೈಚೀಲದಾಗೇ ತುಂಬಬೇಕು. ಆ ರಾತ್ರಿಗೆ ಹಗರ ಸೀರಿನೇ ಇಟ್ಕೋರಿ, ಮರುದಿನ ಉಡೂದನ್ನ ಮೊದಲ ತಗದು ಕುರ್ಚಿ ಮ್ಯಾಲ ಇಡ್ರಿ. ನಮ್ಮ ಎದುರಿನ ಕೋಣ್ಯಾಗಿನ ಹಿರಿಯರೊಬ್ಬರು ಪ್ಯಾಂಟೂ ಬ್ಯಾಗಿನ್ಯಾಗ ಹಾಕಿ ಕಳಿಸಿಬಿಟ್ಟಿದ್ದರು, ಪೈಜಾಮಾದ ಮ್ಯಾಲೇ ಇಳದ್ರು, ಪಾಪ.

ತೂಕ ಹಡಗಿನವರು ಅಷ್ಟು ಕೇಳೂದಿಲ್ಲ, ವಿಮಾನದವರು ಕೇಳ್ತಾರ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೋಗೂವಾಗ ಒಬ್ಬೊಬ್ಬರಿಗೆ 15 ಕೆಜಿ ಬ್ಯಾಗು, 7 ಕೆಜಿ ಕೈಚೀಲ ಅಷ್ಟ.

ಬಂಗಾರ? ಮಂಗಳಸೂತ್ರ, ಬಳಿ, ಫಾರ್ಮಲ್ ರಾತ್ರಿಗೆ ಒಂದು ಬೋರಮಾಳ. ಪಾಟಲಿ, ಟೀಕಿ ಲಾಕರದಾಗ ಇಡ್ರಿ. ಭಾಳ ಹಾಕ್ಕೊಂಡು ಹೋದ್ರ ತಿರುಗಿ ಬರೂವಾಗ ಕಸ್ಟಮ್ಸ್‌ನವರು ಕೇಳಬಹುದು, ಹೊಂಡೂಕಿಂತ ಮೊದಲ ಮೈಮ್ಯಾಲಿನದರ ಫೋಟೋ ತಗದಿಟ್ಕೋರಿ. ಕೋಣ್ಯಾಗ ಸಣ್ಣ ತಿಜೋರಿ ಇರ್ತೈತಿ.

ಊಟದ ಚಿಂತಿ ಮಾಡಬ್ಯಾಡ್ರಿ, ಆದ್ರ ಶಾಕಾಹಾರ ಅಂತ ಟಿಕೀಟಿನ ಜತಿಗೇ ಈಗ ಬರಸ್ರಿ, ತಮ್ಮಗ ಹೇಳ್ರಿ. ಮೊದಲ ರಾತ್ರಿ ಬಡಸೂವರಿಗೆ ಬಾಯಿಲೆ ಇನ್ನೊಮ್ಮೆ ಹೇಳ್ರಿ, ಮೀನು ಸೈತ ಬ್ಯಾಡ ಅಂತ ಬಿಡಿಸಿ ಹೇಳ್ರಿ, ಕೆಲವರು ಮೀನನ್ನ ಮಾಂಸ ಅಂತ ಲೆಕ್ಕಕ್ಕ ಹಿಡಿಯೂದಿಲ್ಲ. ಅವರಿಗೆ ಮೊದಲ ತಿಳದ್ರ ಮರುದಿನಕ್ಕ ಬ್ಯಾಳಿ, ಪಲ್ಯ ಮಾಡಿ ಇಟ್ಟಿರ್ತಾರ. ಮನಿಯಿಂದ ಕಟ್ಟಿಕೊಂಡ ರೊಟ್ಟಿ, ಪಲ್ಯ ಹೆಚ್ಚಿನ ಹಡಗಿನ್ಯಾಗ ಒಯ್ಯಾಕ ಬಿಡೂದಿಲ್ಲ. ಅಂಗಡ್ಯಾಗ ಸೀಲ್ ಆದ ಪಾಕೀಟಿನ ಶೇಂಗಾ ಚಟ್ನಿ, ಅಮೀನಗಡ ಕರದಂಟು ಆದ್ರ ಅಡ್ಡಿ ಇಲ್ಲ.

ತಮ್ಮನ ಹೆಂಡ್ತಿಗೆ ನಾ ಏನೂ ಹೇಳೂದಿಲ್ಲ, ಆಕಿಗೆ ಎಲ್ಲಾ ತಿಳೀತೈತಿ. ಮೊನ್ನೆ ಫೋನಿನ್ಯಾಗ ಒಂದು ಮಾತು ಅಂದಳು, ನನಗೂ ಇಳಕಲ್ ಉಡೂದು ಆಶಾ ಐತ್ರಿ ಅಕ್ಕ, ಆದ್ರ ಅದಕ್ಕ ಒಪ್ಪೂ ಜಂಪರ ಇಲ್ಲ ಅಂತ. ಅವ್ವನ ಕಡೆ ಗುಳೇದಗುಡ್ಡದ ಖಣ ಒಂದು ಹೊಲಿಸದೇ ಉಳದೈತಿ, ಹಳದಿಗೆ ಕೆಂಪು ದಡಿದು. ಅವ್ವನೇ ತಗದು ಕೊಟ್ಟಾಳ. ಬುಧವಾರ ನಮ್ಮವರು ಬೆಳಗಾವಿಗೆ ಬರಾಕತ್ತಾರ, ಮ್ಯಾಗ್ನೆಟ್ ಕೊಕ್ಕಿ ಅವರ ಕೈಯಾಗ ಕಳಸ್ತೀನಿ. ಜಂಪರನೂ ಅಷ್ಟರಾಗ ಹೊಲಿಸಿ ಕಳಸ್ತೀನಿ, ಆಕಿ ಹಳೇ ಜಂಪರದ ಅಳತಿ ಇವತ್ತ ರಾತ್ರೀನೇ ಕಳಸ್ರಿ ಕಾಕು. ತೋಳು ಎಷ್ಟುದ್ದ ಬೇಕು ಅನ್ನೂದೂ ಕೇಳಿ ಹೇಳ್ರಿ.